ಅರಿಕೆ: ನಾಲ್ಕನೆಯ ಕರಡು

ಡಾಕ್ಟರ್ ಸಿಪ್ರಿಯನ್ ಲಸ್ರಾದೊ ಅವರ ಚರಿತ್ರೆ ಬರೆಯಲು
ಟ್ರಸ್ಟಿನವರು ಕೊಟ್ಟ ಮುಂಗಡ ನಲವತ್ತು ಸಾವಿರ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಹಿಂದಿನ ಮೂರು ಕರಡುಗಳಲ್ಲಿ ಹೇಳಿರಲಿಲ್ಲ.

ಆ ದುಡ್ಡಿನಲ್ಲಿ ಅಡುಗೆಮನೆಯ ಹಂಚು ಬದಲಾಯಿತು.
ಈಗ ಸೋರುವುದಿಲ್ಲ.
ಆ ಹಂಚಿನ ಕೆಳಗೇ ಕೂತು ಬರೆಯುತ್ತೇನೆ
'ಕರುಣಾಳು' ಎಂದು.
ಹೊಡೆದುಹಾಕುತ್ತೇನೆ.
'ಕಠಿಣ' ಎಂದು.
ಅದನ್ನೂ.

ಇನ್ನೊಂದುಂಟು.
ಎಂಬತ್ತೊಂದನೆಯ ಇಸವಿ. ನನ್ನ ಅಣ್ಣ ದೇಜಪ್ಪ
ಬೋಳಾರದ ಹಂಚಿನ ಕಾರ್ಖಾನೆಯ ಚಿಮಣಿ ಹತ್ತಿ
ಇಳಿಯುವುದಿಲ್ಲ ಎಂದು ಕೂತ ದಿನ
ಕೆಳಗೆ ನಿಂತವರು ನಕ್ಕರು, ಕೆಲವರು ಕಡಲೆ ತಿಂದರು.
ಲಸ್ರಾದೊ ಒಬ್ಬರೇ ಬೂಟು ಕಳಚಿಟ್ಟು
ಕಬ್ಬಿಣದ ಮೆಟ್ಟಿಲು ಅರ್ಧದವರೆಗೆ ಹತ್ತಿ
ತುಳುವಿನಲ್ಲಿ ಕೇಳಿದರು: "ಒಣಸ್ ಆಂಡಾ?"
ಊಟ ಆಯಿತಾ ಎಂದು ಕೇಳಿದರೆ
ಎಂಥ ಹುಚ್ಚನೂ ಉತ್ತರ ಕೊಡದೆ ಇರುವುದಿಲ್ಲ.
ಅಣ್ಣ ಇಳಿದ. ಆರು ತಿಂಗಳು ವಾರ್ಡಿನಲ್ಲಿದ್ದ.
ಬಿಲ್ಲು ಬರಲಿಲ್ಲ.
ಈಗ ಬಂದಿದೆ ಅಂತ ಕಾಣುತ್ತದೆ.

ಲೋಕಮ್ಮನನ್ನು ಹುಡುಕಿಕೊಂಡು ಉಳ್ಳಾಲದ ಬಸ್ಸು ಹತ್ತಿದೆ.
ಹದಿನಾರು ಸಲ ಶಾಕ್. ಸಹಿ ಗಂಡನದು.
ಕಾಯಿಲೆಯ ಕಾಲಮ್ಮಿನಲ್ಲಿ ಡಾಕ್ಟರ ಚಂದದ ಕೈಬರಹ: 'ಹಠ'.
ಮಡಿಲ ಗೆರಸೆಯಲ್ಲಿ ಎಲೆ ಕತ್ತರಿಸುತ್ತ ಹೇಳಿದಳು:
"ಮಗಳು ಹುಟ್ಟಿದ್ದು ನನಗೆ ನೆನಪಿಲ್ಲ.
ಅಗೋ, ಬಟ್ಟೆ ಒಣಹಾಕುತ್ತಿದ್ದಾಳೆ,
ಹಾಗಾಗಿ ನಂಬಿದ್ದೇನೆ."
ಬೀಡಿ ಸುತ್ತುವ ಬೆರಳು ಮಾತ್ರ ಒಂದನ್ನೂ ಮರೆತಿರಲಿಲ್ಲ.
ಡಾಕ್ಟ್ರು ಒಳ್ಳೆಯವರಾ, ಎಂದು ಕೇಳಿದವಳು ನಾನೇ.
ಆ ಪ್ರಶ್ನೆಯ ನಾಚಿಕೆ ಬಸ್ಸಿನಲ್ಲಿ ಮನೆವರೆಗೂ ಜೊತೆ ಬಂತು.
"ಕ್ರಿಸ್ಮಸ್ಸಿಗೆ ಕುಸ್ವಾರ್ ಹಂಚುತ್ತಿದ್ದರು," ಅಂದಳು.
"ನೆವ್ರಿ ರುಚಿಯಿತ್ತು. ಅದು ನೆನಪುಂಟು."

ಡಾಕ್ಟರ ಮಗಳು ಅಪೊಲೀನ್ ಬಾಯಿ ಬೆಂದೂರಿನ ಜಗಲಿಯಲ್ಲಿ
ಚಹಾದ ಜೊತೆ ಹೇಳಿದ್ದು:
"ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು,
ಅದನ್ನೂ ಬರೆಯಿರಿ ಟೀಚರ್."
ಬರೆದಿದ್ದೇನೆ. ಸುಳ್ಳಲ್ಲ.
ಲೋಕಮ್ಮನ ಕಡತ ನನಗೆ ತಂದುಕೊಟ್ಟ ವಕೀಲರ ಕಕ್ಷಿದಾರನಿಗೆ
ಆಸ್ಪತ್ರೆಯ ಎರಡೆಕರೆಯ ಮೇಲೆ ಕಣ್ಣು.
ಕಡತವೂ ಸುಳ್ಳಲ್ಲ.
ಈ ಊರಿನಲ್ಲಿ ಕೈ ಒದ್ದೆಯಾಗದವರು ಯಾರೂ
ನನಗೆ ಒಂದು ಕಾಗದವನ್ನೂ ಕೊಡಲಿಲ್ಲ.

ಬಂದರಿನ ಜಲಜಕ್ಕನ ಹತ್ತಿರ ಬಂಗುಡೆ ಆರಿಸುತ್ತ
ಇದನ್ನೆಲ್ಲ ಒದರಿದೆ. ಅವಳು ನೊಣ ಓಡಿಸುತ್ತ,
"ನನ್ನ ಬುಟ್ಟಿಯ ಮೀನು ತಾಜಾ ಅಂತ ನಾನು ಹೇಳಿದರೆ
ನೀವು ನಂಬುವುದುಂಟಾ?
ಕಿವಿರು ಎತ್ತಿ ನೋಡುವುದಿಲ್ಲವಾ ಮಾರಾಯ್ತಿ?"
ಓದುವವರೇ, ಇದು ನನ್ನ ಬುಟ್ಟಿ.
ಎತ್ತಿ ನೋಡಿ. ಕೈಗೆ ವಾಸನೆ ಹತ್ತುತ್ತದೆ.

ಇಲ್ಲಿಗೆ ಮುಗಿಸಬೇಕೆಂದಿದ್ದೆ.
ರಾತ್ರಿ ಅಣ್ಣನಿಗೆ ಓದಿ ಹೇಳಿದೆ.
ಅವನಿಗೀಗ ಎಪ್ಪತ್ತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು.
ಗಂಜಿಯ ಬಟ್ಟಲಿಗೆ ಉಪ್ಪಿನಕಾಯಿಯ ಹೋಳು ಹಾಕಿಕೊಳ್ಳುತ್ತ,
"ಅವರು ಕರೆದರು ಅಂತ ಇಳಿದದ್ದಲ್ಲ ಸುಗುಣಾ," ಅಂದ.
"ಹಸಿವಾಗಿತ್ತು."

ಸ್ವಲ್ಪ ಹೊತ್ತು ಉಂಡ.
ಎಲೆ ಹಿಂಡುವ ಹಾಗೆ ಬೆರಳು ಚೀಪಿ,
"ಮೇಲಿನಿಂದ ನೇತ್ರಾವತಿ ಕಾಣುತ್ತಿತ್ತು, ಅಳಿವೆಯವರೆಗೂ.
ಅಲ್ಲಿ ನಾನು ಏನೋ ನೋಡಿದೆ.
ಅದಕ್ಕೇ ಹತ್ತಿದ್ದು.
ಏನು ನೋಡಿದೆ ಅಂತ ಡಾಕ್ಟರು ಕೇಳಲಿಲ್ಲ,
ಊಟ ಆಯಿತಾ ಅಂತಷ್ಟೇ ಕೇಳಿದರು.
ನಲವತ್ತು ವರ್ಷ ಆಯಿತು.
ನೀನೂ ಕೇಳಲಿಲ್ಲ."